ಹೊಡೆಯದ ಪೊಲೀಸನನ್ನು ಯಾರು ನಂಬುತ್ತಾರೆ?

ಓದುಗರ ಪತ್ರ: “ನನ್ನ ಮಗ ಹನ್ನೊಂದು ವರ್ಷದಿಂದ ಕಾನ್‌ಸ್ಟೆಬಲ್. ಮೊನ್ನೆ ಶಾಲೆಯಲ್ಲಿ ಒಬ್ಬ ಹುಡುಗ ನನ್ನ ಮೊಮ್ಮಗಳನ್ನು ‘ನಿಮ್ಮಪ್ಪಂಗೆ ದಿನಕ್ಕೆ ಎಷ್ಟು ಮಾಮೂಲಿ ಬರುತ್ತೆ?’ ಅಂತ ಕೇಳಿದನಂತೆ. ಅಳುತ್ತಾ ಮನೆಗೆ ಬಂದಳು. ಇದೆಲ್ಲ ಸಿನಿಮಾ, ಟಿವಿ ಕಲಿಸಿದ್ದು. ಪೊಲೀಸರೆಂದರೆ ಹೊಟ್ಟೆಬಾಕರು, ಲಂಚಕೋರರು ಅಂತಲೇ ತೋರಿಸುತ್ತಾರೆ. ಹಿಂದೆ ಸಾಂಗ್ಲಿಯಾನ ಬಂದಿತ್ತು. ನಾನೇ ಮೂರು ಸಲ ನೋಡಿದ್ದೆ. ಅಂಥ ಒಳ್ಳೆ ಪೊಲೀಸ್ ಚಿತ್ರಗಳು ಜಾಸ್ತಿ ಬರಬೇಕು ಅಂತ ನೀವು ಬರೆಯಿರಿ.”
ಒಬ್ಬ ತಾಯಿ, ತಿಪಟೂರು

ಸಂಪಾದಕರ ಉತ್ತರ:

ಅಮ್ಮಾ, ಮೊಮ್ಮಗಳ ವಿಷಯ ಓದಿ ಬೇಜಾರಾಯಿತು. ಆದರೆ ನೀವು ಕೇಳಿದ್ದನ್ನು ನಾನು ಬರೆಯಲಾರೆ. ಒಳ್ಳೆ ಪೊಲೀಸ್ ಚಿತ್ರ ಬರಬೇಕು ಅಂತೀರಲ್ಲ, ನಿಮ್ಮ ಮಗನ ಮರ್ಯಾದೆ ತೆಗೆದದ್ದೇ ಆ ಚಿತ್ರಗಳು ಅಂತ ನನ್ನ ಬಲವಾದ ಅನುಮಾನ.

ಒಂದು ಮಾತನ್ನು ಮೊದಲೇ ಒಪ್ಪಿಕೊಂಡು ಬಿಡುತ್ತೇನೆ. ಆ ಹುಡುಗನ ಪ್ರಶ್ನೆ ಬರೀ ಸಿನಿಮಾದಿಂದ ಬಂದದ್ದಲ್ಲ. ಪಾಸ್‌ಪೋರ್ಟ್ ವಿಚಾರಣೆಗೆ ಬಂದವರ ಕೈಗೆ ‘ಕಾಫಿಗೆ’ ಅಂತ ನೋಟು ತುರುಕಿದ ಮನೆಗಳು ನಮ್ಮ ಬೀದಿಯಲ್ಲೂ ಇವೆ. ವೀರಪ್ಪನ್ ಬೇಟೆಯ ಹೆಸರಲ್ಲಿ ಹಿಂಸೆ ಅನುಭವಿಸಿದ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ ಹೇಳಿತು. ಅದೂ ಕಟ್ಟುಕಥೆಯಲ್ಲ. ಇದನ್ನೆಲ್ಲ ಎಷ್ಟೋ ಸಲ ಬರೆದಾಗಿದೆ, ಮುಂದೆಯೂ ಬರೆಯುತ್ತೇವೆ. ಈಗ ನಿಮ್ಮ ಸಾಂಗ್ಲಿಯಾನಕ್ಕೆ ಬರೋಣ.

1988ರಲ್ಲಿ ಆ ಚಿತ್ರ ಬಂದಾಗ ನಾನೂ ಗಾಂಧಿ ಕ್ಲಾಸಲ್ಲಿ ಕೂತು ಶಿಳ್ಳೆ ಹೊಡೆದವನೇ. ಶಂಕರ್‌ನಾಗ್ ಅಂದರೆ ಆಗ ಹಾಗೆ. ಎರಡೇ ವರ್ಷಕ್ಕೆ ಎರಡನೇ ಭಾಗವೂ ಬಂತು. ಆ ಚಿತ್ರಕ್ಕೆ ಹೆಸರು ಕೊಟ್ಟ ನಿಜವಾದ ಪೊಲೀಸ್ ಅಧಿಕಾರಿ ಸಾಂಗ್ಲಿಯಾನ ಸಾಹೇಬರು 2004ರ ಲೋಕಸಭಾ ಚುನಾವಣೆಗೆ ಬೆಂಗಳೂರು ಉತ್ತರದಲ್ಲಿ ನಿಂತು ಜಾಫರ್ ಷರೀಫರಂಥ ಹಳೇ ಹುಲಿಯನ್ನೇ ಸೋಲಿಸಿದರು. ಸಿನಿಮಾದ ಹೆಸರೂ ಒಂದಿಷ್ಟು ಕೈ ಹಿಡಿದಿರಬೇಕು, ಅಲ್ವಾ? ಇರಲಿ. ನನ್ನ ಪ್ರಶ್ನೆ ಒಂದೇ. ಮೂರು ಸಲ ನೋಡಿದಿರಲ್ಲ, ಆ ಚಿತ್ರದ ಒಬ್ಬ ಕಾನ್‌ಸ್ಟೆಬಲ್‌ನ ಹೆಸರು ನೆನಪಿದೆಯಾ? ನನಗಂತೂ ಇಲ್ಲ.

ನಮ್ಮ ಚಿತ್ರಗಳಲ್ಲಿ ಸಾಹೇಬರು ಜೀಪಿನಿಂದ ಹಾರಿ ಇಳಿಯುತ್ತಾರೆ. ಪೇದೆ ಜೀಪಿನ ಹಿಂದೆ ಹೊಟ್ಟೆ ಹಿಡಿದುಕೊಂಡು ಓಡುತ್ತಾನೆ. ಕಳ್ಳ ತಪ್ಪಿಸಿಕೊಳ್ಳುವುದಕ್ಕೆ ಒಬ್ಬ ದಡ್ಡ ಬೇಕು ಅಂದರೂ ಅವನೇ, ಬಾಳೆಹಣ್ಣಿನ ಗಾಡಿಯಲ್ಲಿ ಕೈ ಹಾಕುವುದಕ್ಕೂ ಅವನೇ. ಅವನ ತಲೆಯ ಸ್ಲೌಚ್ ಹ್ಯಾಟು ಕೂಡ ನಗೆಗೆ ಸರಕು. ಮಳೆಗೆ ನೆನೆದರೆ ಭಾರ, ಓಡಿದರೆ ಬೀಳುತ್ತೆ ಅಂತ ಆ ಹ್ಯಾಟು ಹಾಕಿಕೊಂಡವರು ಎಷ್ಟೋ ವರ್ಷ ಗೋಳಾಡಿದರು. 2025ರ ಅಕ್ಟೋಬರಿನಲ್ಲಿ ಅದು ಹೋಗಿ ನೀಲಿ ಪೀಕ್ ಕ್ಯಾಪು ಬಂತು. ಹ್ಯಾಟು ಬದಲಾಯಿತು, ಸ್ಕ್ರಿಪ್ಟ್ ಬದಲಾಗಲಿಲ್ಲ. ಪಡೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಜನ ಇಂಥ ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್‌ಗಳೇ. ಸ್ಟೇಷನ್‌ಗೆ ಹೋದರೆ ನಮಗೆ ಸಿಗುವವರೂ ಅವರೇ. ಸಾಹೇಬರು ಸಿಗುವುದು ಫ್ಲೆಕ್ಸಿನಲ್ಲಿ.

ಆರೇಳು ವರ್ಷದ ಹಿಂದೆ ಒಂದು ತಾಲ್ಲೂಕು ಊರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಬ್ಯಾಗು ಹೋಯಿತು. ರಾತ್ರಿ ಹತ್ತೂವರೆಗೆ ಸ್ಟೇಷನ್‌ಗೆ ಹೋದೆ. ದೂರು, ದಾಖಲೆ ಬರೆಯುವ ರೈಟರ್ ಒಬ್ಬರೇ ಕೂತಿದ್ದರು. ಡಬ್ಬಿಯ ಮುಚ್ಚಳದಲ್ಲಿ ಆರಿದ ಚಿತ್ರಾನ್ನ. ಫೋನು ಸ್ಪೀಕರಿನಲ್ಲಿತ್ತು, ಆ ಕಡೆಯಿಂದ ಮಗಳು ಮಗ್ಗಿ ಒಪ್ಪಿಸುತ್ತಿದ್ದಳು. “ಹದಿನೇಳು ಎಂಟ್ಲ?” ಅಂತ ಇವರು ಕೇಳಿದರು. ಆ ಕಡೆ ಸುಮ್ಮನಾಯಿತು. ನನ್ನ ದೂರಿನಲ್ಲಿ ‘ಕಂದು ಬಣ್ಣದ ಚರ್ಮದ ಬ್ಯಾಗು’ ಅಂತ ಬರೆಯುತ್ತಲೇ “ನೂರ ಮೂವತ್ತಾರು, ಇನ್ನೊಂದ್ಸಲ ಹೇಳು” ಅಂದರು. ಬ್ಯಾಗು ಸಿಗಲಿಲ್ಲ. ಆದರೆ ಅಷ್ಟು ಚೊಕ್ಕ ಕನ್ನಡದ ದೂರನ್ನು ನಮ್ಮ ಪತ್ರಿಕೆಯ ಉಪಸಂಪಾದಕರೂ ಬರೆಯಲಾರರು. ತಾರೀಖು, ಹೊತ್ತು, ದಿಕ್ಕು, ದೂರ, ಎಲ್ಲ ಇದ್ದ ಜಾಗದಲ್ಲೇ ಇದ್ದವು. ಕೋರ್ಟಿನಲ್ಲಿ ಕೇಸು ನಿಲ್ಲುವುದೋ ಬೀಳುವುದೋ ಈ ರೈಟರ್ ಕೈಯ ಅಕ್ಷರದ ಮೇಲೆ. ಈ ಮನುಷ್ಯನನ್ನು ಯಾವ ನಿರ್ದೇಶಕನಾದರೂ ಒಂದು ಸೀನಿಗೆ ನೋಡಿದ್ದಾನಾ?

ಈಗ ನಿಜವಾದ ತೊಂದರೆಗೆ ಬರುತ್ತೇನೆ. ನಮ್ಮ ಬೀದಿಯಲ್ಲಿ ಒಬ್ಬರ ಮನೆಗೆ ಕನ್ನ ಬಿತ್ತು. ನಾಲ್ಕು ದಿನಕ್ಕೆ ಒಬ್ಬನನ್ನು ಹಿಡಿದರು. ಮನೆಯವರು ಸ್ಟೇಷನ್‌ಗೆ ಹೋಗಿ ಬಂದು ನನ್ನ ಹತ್ತಿರ ಕೂಗಾಡಿದರು. “ಬೆಂಚಿನ ಮೇಲೆ ಕೂರಿಸಿ ಟೀ ಕೊಟ್ಟಿದ್ದಾರೆ ಸ್ವಾಮಿ! ನಾಲ್ಕು ಬಿಟ್ಟಿದ್ದರೆ ಸರ ಎಲ್ಲಿದೆ ಅಂತ ಕಕ್ಕುತ್ತಿದ್ದ. ದುಡ್ಡು ತಿಂದಿದ್ದಾರೆ, ಗ್ಯಾರಂಟಿ.” ನೋಡಿದಿರಾ? ಹೊಡೆಯಲಿಲ್ಲ, ಅದಕ್ಕೇ ಕಳ್ಳ ಪೊಲೀಸ್. ಕಾನೂನಿನ ಪ್ರಕಾರ ನಡೆದದ್ದೇ ಲಂಚಕ್ಕೆ ಸಾಕ್ಷಿಯಾಯಿತು. ಪೊಲೀಸರ ಮುಂದೆ ಆರೋಪಿ ಒಪ್ಪಿಕೊಂಡದ್ದು ಅವನ ವಿರುದ್ಧ ಸಾಕ್ಷಿಯಾಗಲ್ಲ ಅಂತ 1872ರ ಸಾಕ್ಷ್ಯ ಕಾಯ್ದೆಯಲ್ಲೇ ಬರೆದಿಟ್ಟಿದ್ದರು. ಹೊಸ ಕಾಯ್ದೆಯಲ್ಲೂ ಅದು ಹಾಗೇ ಇದೆ. ಅಂದರೆ ಹೀರೋ ಲಾಕಪ್ಪಿನಲ್ಲಿ ತಲೆಕೆಳಗೆ ನೇತುಹಾಕಿ ಬಾಯಿ ಬಿಡಿಸುವ ಆ ಸೀನು, ನಾವು ಚಪ್ಪಾಳೆ ಹೊಡೆಯುವ ಸೀನು, ಮಾರನೇ ದಿನ ಕೋರ್ಟಿನಲ್ಲಿ ಕಸ. ಇದನ್ನು ಯಾವ ಹೀರೋನೂ ನಮಗೆ ಹೇಳಲಿಲ್ಲ.

2019ರ ಡಿಸೆಂಬರಿನ ಹೈದರಾಬಾದ್ ನೆನಪಿದೆಯಲ್ಲ. ಪಶುವೈದ್ಯೆಯ ಅತ್ಯಾಚಾರ, ಕೊಲೆ ಕೇಸಿನ ನಾಲ್ವರು ಆರೋಪಿಗಳನ್ನು ಗುಂಡಿಟ್ಟು ಕೊಂದ ಪೊಲೀಸರ ಮೇಲೆ ಜನ ಹೂ ಸುರಿದರು. ಆ ಕಮಿಷನರ್ ಹುಬ್ಬಳ್ಳಿಯವರು ಅಂತ ಇಲ್ಲೂ ಎದೆ ಉಬ್ಬಿಸಿದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ಏನು ಹೇಳಿತು? ಸಾಯಲಿ ಅಂತಲೇ ಬೇಕೆಂದು ಗುಂಡು ಹಾರಿಸಿದರು ಅಂತ. ಆ ವರದಿ ಬಂದ ದಿನ ಹೂವಿನವರು ಯಾರೂ ಕಾಣಲಿಲ್ಲ. ಮರುವರ್ಷ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಒಂದು ಸಭೆಯಲ್ಲಿ ಸಿಂಗಂ ಚಿತ್ರದ ಹೆಸರು ಹಿಡಿದೇ ಬೈದರು. ಕೊನೆಯಲ್ಲಿ ಇಡೀ ಪೊಲೀಸ್ ಪಡೆ ನಮ್ಮ ಪ್ರಕಾಶ್ ರೈ ಮಾಡಿದ ರಾಜಕಾರಣಿಯ ಮೇಲೆ ಮುಗಿಬೀಳುತ್ತೆ, ನ್ಯಾಯ ಸಿಕ್ಕಿತು ಅಂತ ತೋರಿಸುತ್ತಾರೆ, ಸಿಕ್ಕಿತಾ ಅಂತ ಅವರ ಪ್ರಶ್ನೆ. ಅಪಾಯದ ಪಾಠ ಅಂದರು. ನಾವು ಪತ್ರಿಕೆಯವರು ಆ ಸುದ್ದಿಯನ್ನು ಒಳಪುಟದಲ್ಲಿ ಹಾಕಿ ಕೈತೊಳೆದುಕೊಂಡೆವು.

ಹಾಕದೆ ಇನ್ನೇನು? ‘ಕರ್ನಾಟಕದ ಸಿಂಗಂ’ ಅಂತ ಅಣ್ಣಾಮಲೈ ಅವರಿಗೆ ಬಿರುದು ಕೊಟ್ಟದ್ದು ನಾವೇ ಅಲ್ವಾ? ಅವರು 2019ರಲ್ಲಿ ಕೆಲಸ ಬಿಟ್ಟು, ಆಮೇಲೆ ರಾಜಕೀಯಕ್ಕೆ ಹೋದರು. ಬಿರುದು ಖಾಲಿಯಾದ ಕೂಡಲೇ ಇನ್ನೊಬ್ಬರಿಗೆ ತೊಡಿಸಿದೆವು, ‘ಲೇಡಿ ಸಿಂಗಂ’ ಅಂತಲೂ ಒಂದು ಮಾಡಿಕೊಂಡೆವು. ನಮ್ಮ ಪತ್ರಿಕೆಯ ಹಳೇ ಸಂಚಿಕೆ ತೆಗೆದರೆ ಅಂಥ ಎರಡು ತಲೆಬರಹ ಸಿಗುತ್ತವೆ. ಒಂದನ್ನು ಬರೆದವನು ನಾನೇ. ಟಿವಿಯವರ ಸುದ್ದಿಯಂತೂ ಕೇಳಬೇಡಿ. ಕೊಲೆಯಾದ ಮನೆಯ ಮುಂದೆ ಮೈಕು ಹಿಡಿದು, ಹಿನ್ನೆಲೆಗೆ ಸಿನಿಮಾ ಸಂಗೀತ ಹಾಕಿ, ಪೊಲೀಸರಿಗಿಂತ ಮೊದಲು ತಾವೇ ತನಿಖೆ ಮುಗಿಸಿರುತ್ತಾರೆ.

ನಿಮ್ಮ ಮಗನ ಬದುಕು ಹೇಗಿದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಎಂಬ ಸಂಸ್ಥೆಗಳು 2019ರ ಸಮೀಕ್ಷೆಯಲ್ಲಿ 21 ರಾಜ್ಯಗಳ ಸುಮಾರು 12 ಸಾವಿರ ಪೊಲೀಸರನ್ನು ಮಾತಾಡಿಸಿದ್ದವು. ಸರಾಸರಿ ದಿನಕ್ಕೆ 14 ಗಂಟೆ ಕೆಲಸ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ. ನಮ್ಮಲ್ಲಿ 2016ರ ಜೂನ್ 4ರಂದು ಪೊಲೀಸರು ಸಾಮೂಹಿಕ ರಜೆ ಹಾಕಲು ಹೊರಟಿದ್ದರಲ್ಲ, ಆಗ ಅದಕ್ಕೆ ಕರೆ ಕೊಟ್ಟ ಮುಖಂಡನ ಮೇಲೆ ಹಾಕಿದ್ದು ರಾಜದ್ರೋಹದ ಕೇಸು. ರಜೆ ಕೇಳಿದ್ದಕ್ಕೆ ರಾಜದ್ರೋಹ! ಗಣೇಶನ ಬಂದೋಬಸ್ತಿನಲ್ಲಿ ಎಂಟು ಗಂಟೆ ನಿಂತ ಮಹಿಳಾ ಸಿಬ್ಬಂದಿ ಶೌಚಕ್ಕೆ ಯಾರ ಮನೆ ಬಾಗಿಲು ತಟ್ಟಬೇಕು ಅಂತ ಯಾವ ‘ಲೇಡಿ ಸಿಂಗಂ’ ಲೇಖನದಲ್ಲೂ ಇರಲ್ಲ.

ಬೈಗುಳದಲ್ಲಿ ನಿಮ್ಮ ಪಾಲೂ ಸ್ವಲ್ಪ ಇದೆಯಮ್ಮಾ, ಬೇಜಾರು ಮಾಡ್ಕೋಬೇಡಿ. ಪೊಲೀಸರ ಮೇಲೆ ನಂಬಿಕೆ ಬೇಕು ಅಂತೀವಿ. ಅದೇ ಪೊಲೀಸ್ ಮಹಜರಿಗೆ, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಬರೆದಿಡುವುದಕ್ಕೆ, ಸಾಕ್ಷಿಯಾಗಿ ಪಂಚರು ಬೇಕು, ಒಂದು ಸಹಿ ಹಾಕಿ ಸಾರ್ ಅಂತ ಬಂದರೆ ಇಡೀ ಬೀದಿಯ ಬಾಗಿಲು ಮುಚ್ಚುತ್ತದೆ. ನಮ್ಮ ಬೀದಿಯ ಆ ಕನ್ನದ ಕೇಸಿನಲ್ಲೂ ಹೀಗೇ ಆಯಿತು. ಕೊನೆಗೆ ಸಹಿ ಹಾಕಿದ್ದು ಬೇಕರಿ ಹುಡುಗ ಮತ್ತು ಇಸ್ತ್ರಿ ಅಂಗಡಿಯವರು. ನಾನು? ಊರಲ್ಲಿರಲಿಲ್ಲ ಅಂತ ಹೇಳಿಸಿದೆ. ಒಳಗೇ ಇದ್ದೆ.

ಮೊಮ್ಮಗಳಿಗೆ ಸಾಂಗ್ಲಿಯಾನ ತೋರಿಸಬೇಡಿ ಅಂತ ನಾನು ಹೇಳಲ್ಲ. ಶಂಕರ್‌ನಾಗ್‌ನನ್ನು ನೋಡಲೇಬೇಕು. ಆದರೆ ನಿಮ್ಮ ಮಗ ನಮಗೆ ಒಂದು ಪುಟ ಬರೆದು ಕೊಡಲಿ. ಒಂದು ರಾತ್ರಿಪಾಳಿ, ಒಂದು ಮಹಜರು, ಒಂದು ಬಂದೋಬಸ್ತು, ಏನಾದರೂ ಸರಿ. ಮೇಲಿನವರ ತಕರಾರು ಬರದ ಹಾಗೆ ಹೆಸರು, ಊರು ಬಿಟ್ಟು ಹಾಕುತ್ತೇವೆ. ಅವಸರವಿಲ್ಲ. ವಾರದ ರಜೆ ಸಿಕ್ಕ ದಿನ ಬರೆಯಲಿ, ಎಷ್ಟು ತಿಂಗಳಾದರೂ ಕಾಯುತ್ತೇನೆ.