ದೊಡ್ಡ ನಗರದ ಶಾಲೆಗಳಲ್ಲಿ ಗ್ರಂಥಾಲಯ ಕಾಗದದ ಮೇಲಿದೆ, ಮಕ್ಕಳಿಗೆ ಪುಸ್ತಕ ಸಿಗುತ್ತಿಲ್ಲ. ಎಲ್ಲಿಂದ ಸರಿಪಡಿಸಬೇಕು?

ಹೊಸ ಪುಸ್ತಕ ಕೊಳ್ಳುವುದರಿಂದಂತೂ ಬೇಡ. ಒಂದೇ ಆಡಳಿತದಡಿ ನೂರಾರು ಶಾಲೆಗಳಿರುವ ಕಡೆ ಗ್ರಂಥಾಲಯವನ್ನು ಯಾರೂ ಹೇಳಿ ಮುಚ್ಚುವುದಿಲ್ಲ. ಗ್ರಂಥಪಾಲಕರ ಹುದ್ದೆ ಖಾಲಿ ಬೀಳುತ್ತದೆ, ಚಾರ್ಜ್ ಭಾಷಾ ಶಿಕ್ಷಕರ ಹೆಗಲಿಗೇರುತ್ತದೆ, ಲೈಬ್ರರಿ ಪೀರಿಯಡ್ ಗಣಿತದ ಪಾಲಾಗುತ್ತದೆ, ಆಮೇಲೆ ಕೋಣೆಯೊಳಗೆ ಪರೀಕ್ಷೆಯ ಬಂಡಲ್‌ಗಳು ಬಂದು ಕೂರುತ್ತವೆ. ವರದಿಯಲ್ಲಿ ಮಾತ್ರ ‘ಗ್ರಂಥಾಲಯ: ಇದೆ’.

ಹಾಗಾಗಿ ಪುಸ್ತಕಗಳ ಸಂಖ್ಯೆ ಕೇಳಿ ಪ್ರಯೋಜನವಿಲ್ಲ. ಬೇರೆ ಬೇರೆ ಬೀರುಗಳಿಂದ 20 ಪುಸ್ತಕ ತೆಗೆದು, ಒಳಗೆ ಅಂಟಿಸಿರುವ ದಿನಾಂಕ ಚೀಟಿಯಲ್ಲಿ ಪುಸ್ತಕ ಕೊಟ್ಟ ಕೊನೆಯ ತಾರೀಖು ನೋಡಿ. ಹೆಚ್ಚಿನವು ಒಂದೇ ವರ್ಷಕ್ಕೆ ನಿಂತಿದ್ದರೆ, ಆ ವರ್ಷ ಕಳೆದುಹೋದದ್ದು ಹುದ್ದೆಯೋ ಪೀರಿಯಡ್ಡೋ ಕೋಣೆಯೋ ಎಂಬುದು ಹಳೆಯ ವೇಳಾಪಟ್ಟಿಯಲ್ಲಿ ಸಿಗುತ್ತದೆ. ಜೊತೆಗೆ ಇನ್ನೆರಡು ಕೇಳಿ: ಕಳೆದ 4 ವಾರದಲ್ಲಿ ಯಾವ ಸೆಕ್ಷನ್‌ನಿಂದ ಎಷ್ಟು ಪುಸ್ತಕ ಮನೆಗೆ ಹೋಗಿದೆ? ಬೀಗದ ಕೈ ಯಾರ ಹತ್ತಿರ?

ಮೊದಲು ಬೇಕಾದದ್ದು ಆಳು. 600 ಮಕ್ಕಳು, 40ರಂತೆ 15 ಸೆಕ್ಷನ್, ವಾರಕ್ಕೊಂದು ಪೀರಿಯಡ್ 40 ನಿಮಿಷ ಎಂದರೂ 10 ಗಂಟೆಯ ಕೆಲಸ. ಅಕ್ಕಪಕ್ಕದ ಎರಡು ಶಾಲೆಗಳು ಸೇರಿ ಒಬ್ಬರನ್ನು ಹಂಚಿಕೊಳ್ಳಬಹುದು. ಆದರೆ ದಿನಕ್ಕೆ ಅರ್ಧರ್ಧ ಹಂಚಬೇಡಿ. ಓಡಾಟದಲ್ಲೇ ಊಟದ ಬಿಡುವು ಕಳೆದುಹೋಗುತ್ತದೆ, ಮಕ್ಕಳು ತಾವಾಗಿ ಬರುವ ಹೊತ್ತೇ ಅದು. ಮೂರು ಮೂರು ಪೂರ್ತಿ ದಿನ ಕೊಡಿ.

ಪೀರಿಯಡ್ ಸಿಕ್ಕರೂ ಕೆಡುವುದು ಲೆಕ್ಕ ಬರೆಯುವಲ್ಲಿ. ಮಗುವಿಗೆ ಒಂದು ನಿಮಿಷ ಹಿಡಿದರೂ 40 ನಿಮಿಷ ಅಲ್ಲಿಗೇ ಮುಗಿಯಿತು. ವಾಪಸ್ ಬರುವ ಪುಸ್ತಕಗಳನ್ನು ಬೆಳಿಗ್ಗೆಯೇ ತರಗತಿಯ ಬುಟ್ಟಿಯಲ್ಲಿ ಸಂಗ್ರಹಿಸಿ ಜಮಾ ಮಾಡಿ. ತಾರೀಖುವಾರು ರಿಜಿಸ್ಟರ್ ಬೇಡ, ಮಗುವಿಗೊಂದು ಪುಟವಿರಲಿ, ಅಕ್ಸೆಷನ್ ನಂಬರ್ (ಗ್ರಂಥಾಲಯಕ್ಕೆ ಸೇರಿಸಿಕೊಳ್ಳುವಾಗ ಪ್ರತಿ ಪುಸ್ತಕಕ್ಕೂ ಕೊಡುವ ಕ್ರಮಸಂಖ್ಯೆ) ಒಂದನ್ನೇ ಬರೆಯಿರಿ.

ಗ್ರಂಥಾಲಯದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುವ ಕೋಹಾದಂಥ ಉಚಿತ ತಂತ್ರಾಂಶ ಒಳ್ಳೆಯದೇ, ಆದರೆ ಮೊದಲ ಹೆಜ್ಜೆಯಲ್ಲ. 3,000 ಪುಸ್ತಕಗಳ ವಿವರ ತುಂಬಲು ತಲಾ 5 ನಿಮಿಷ ಹಿಡಿದರೆ 250 ಗಂಟೆ; ಅಷ್ಟೂ ದಿನ ಬಾಗಿಲು ಮುಚ್ಚಿಯೇ ಇರುತ್ತದೆ.

ಬೇಡದ ಪುಸ್ತಕ ತೆಗೆಯುವಾಗ ‘ಐದು ವರ್ಷದಿಂದ ಯಾರೂ ಒಯ್ದಿಲ್ಲ’ ಎಂಬ ಅಳತೆ ಹಿಡಿಯಬೇಡಿ. ಬೀಗ ಹಾಕಿದ ಕೋಣೆಯಿಂದ ಯಾರು ಒಯ್ಯಬೇಕಿತ್ತು? ಬೂಷ್ಟು, ಹರಿದ ಹೊಲಿಗೆ, ಹಳತಾದ ಭೂಪಟ ಮತ್ತು ವಿಜ್ಞಾನ ನೋಡಿ ತೆಗೆಯಿರಿ. ತೆಗೆದದ್ದನ್ನು ಅಕ್ಸೆಷನ್ ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ತಾರೀಖು ಸಹಿತ ನಮೂದಿಸದಿದ್ದರೆ ಮುಂದಿನ ತಪಾಸಣೆಯಲ್ಲಿ ಅದೇ ಕೊರತೆಯಾಗಿ ಕಾಣುತ್ತದೆ. ಚಿಕ್ಕ ಮಕ್ಕಳ ತೆಳು ಪುಸ್ತಕಗಳಿಗೆ ಬೆನ್ನೇ ಇರುವುದಿಲ್ಲ. ನಿಲ್ಲಿಸಿಟ್ಟರೆ ಕಾಣವು, ಮುಖಪುಟ ಎದುರಾಗುವಂತೆ ಟ್ರೇಯಲ್ಲಿಡಿ.

ಕೋಣೆ ಇಲ್ಲವೇ ಇಲ್ಲವೆಂದರೆ ತರಗತಿ ಪೆಟ್ಟಿಗೆ: 40 ಮಕ್ಕಳಿಗೆ ಕನಿಷ್ಠ 60 ಪುಸ್ತಕ, ಇಲ್ಲವಾದರೆ ಕೊನೆಯವರಿಗೆ ಆಯ್ಕೆಯೇ ಉಳಿಯದು. 6 ವಾರಕ್ಕೊಮ್ಮೆ ಪಕ್ಕದ ಸೆಕ್ಷನ್‌ಗೆ ಬದಲಾಗಬೇಕು. ಬದಲಿಸುವವರ ಹೆಸರು ಮುಚ್ಚಳದ ಮೇಲಿರದಿದ್ದರೆ ಪೆಟ್ಟಿಗೆ ಅಲುಗುವುದಿಲ್ಲ.

ಬೀಗದ ಮೂಲ ಮಾತ್ರ ಭಯ. ಭಾರತದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದೇ ‘ಪುಸ್ತಕಗಳಿರುವುದು ಬಳಕೆಗೆ’. ಕಳೆದ ಪುಸ್ತಕದ ಬೆಲೆ ತನ್ನ ಸಂಬಳಕ್ಕೆ ಬೀಳುತ್ತದೆಂದು ಅಂಜುವ ಶಿಕ್ಷಕರಿಗೆ ಅದು ಗೋಡೆಬರಹವಷ್ಟೇ. ವರ್ಷಕ್ಕೆ ಇಷ್ಟು ಪುಸ್ತಕ ಕಳೆದರೆ ವಿಚಾರಣೆಯಿಲ್ಲದೆ ಲೆಕ್ಕದಿಂದ ತೆಗೆಯಬಹುದು ಎಂಬ ಲಿಖಿತ ಆದೇಶವನ್ನು ಮೇಲಿನ ಕಚೇರಿಯಿಂದಲೇ ಪಡೆಯಿರಿ. ಮುಖ್ಯೋಪಾಧ್ಯಾಯರ ಬಾಯಿಮಾತು ಅವರ ವರ್ಗಾವಣೆಯೊಂದಿಗೇ ಹೋಗುತ್ತದೆ.