ಡೆಸಿಬಲ್ ಆ್ಯಪ್ ಹಿಡಿದು ಬಸ್ ಆರಿಸಬೇಡಿ

ಬಿಎಂಟಿಸಿಯ ವೋಲ್ವೊ, ಮುಂದೆ ಎಂಜಿನ್ ಇರುವ ಮಾಮೂಲಿ ಡೀಸೆಲ್ ಬಸ್ಸು, ಹೊಸ ಎಲೆಕ್ಟ್ರಿಕ್ ಬಸ್ಸು ಮೂರರಲ್ಲೂ ಮೊಬೈಲ್‌ನಲ್ಲಿ ಡೆಸಿಬಲ್ ಅಳೆದಿದ್ದೀರಿ. ಅಂಕಿಗಳಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ, ಹಾಗಾದರೆ ಆಫೀಸಿನವರಿಗೆ ಬಾಡಿಗೆಗೆ ಅಗ್ಗದ್ದೇ ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು. ನಾನೂ ಹೀಗೇ ಅಳೆದು, ಇದೇ ಲೆಕ್ಕದಲ್ಲಿ ಮುಂದೆ ಎಂಜಿನ್ ಇರುವ ಬಸ್ಸನ್ನು ಗೊತ್ತು ಮಾಡಿದ್ದೆ. ಮೂರು ತಿಂಗಳಲ್ಲಿ ಮುಂದಿನ ನಾಲ್ಕು ಸಾಲು ಖಾಲಿಯಾದವು, ಕರಾರು ಮುರಿದು ಮುಂಗಡ ಕಳೆದುಕೊಂಡೆವು.

ಎಡವಿದ್ದು ಒಂದೇ ಕಡೆ, ಆದರೆ ಅದನ್ನು ಬಿಡಿಸಿಯೇ ಹೇಳಬೇಕು. ಆ್ಯಪ್ ತೋರಿಸುವುದು ಸಾಮಾನ್ಯವಾಗಿ ಡಿಬಿ(ಎ). ಕಿವಿಗೆ ಮಂದವಾಗಿ ಕೇಳುವ ತಗ್ಗು ಸದ್ದನ್ನು ಈ ಅಳತೆ ಲೆಕ್ಕದಿಂದ ಕಳೆದುಬಿಡುತ್ತದೆ. 31.5 ಹರ್ಟ್ಸ್‌ನಲ್ಲಿ ಅದು ಕಳೆಯುವುದು ಸುಮಾರು 39 ಡೆಸಿಬಲ್. ಈಗ ಸಿಗ್ನಲ್‌ನಲ್ಲಿ ನಿಂತ ಡೀಸೆಲ್ ಬಸ್ಸನ್ನು ತೆಗೆದುಕೊಳ್ಳಿ. ಆರು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 600 ಸುತ್ತಿನ ಐಡ್ಲಿಂಗ್‌ನಲ್ಲಿದ್ದರೆ (ನಿಂತಲ್ಲೇ ಓಡುತ್ತಿದ್ದರೆ), ಸುತ್ತಿಗೆ ಮೂರರಂತೆ ಸೆಕೆಂಡಿಗೆ 30 ಬಡಿತ, ಅಂದರೆ 30 ಹರ್ಟ್ಸ್. ಸೀಟು, ಗಾಜು, ಹಿಡಿಕಂಬಿ ಎಲ್ಲವನ್ನೂ ನಡುಗಿಸಿ ತಲೆನೋವು ತರುವುದು ಇದೇ ಬಡಿತ, ಆ್ಯಪಿನ ಅಂಕಿಯಲ್ಲಿ ಮಾಯವಾಗುವುದೂ ಇದೇ. ಎಲೆಕ್ಟ್ರಿಕ್ ಬಸ್ಸಿನಲ್ಲಿ ಎಸಿ ಬ್ಲೋವರ್ ಸದ್ದು, ಗೇರ್‌ನ ಕೀರಲು ಸದ್ದು ಮಧ್ಯಮ ಮತ್ತು ಹೆಚ್ಚಿನ ಆವರ್ತನದವು, ಹಾಗಾಗಿ ಪೂರ್ತಿ ಲೆಕ್ಕಕ್ಕೆ ಬರುತ್ತವೆ. ಮೈ ನಡುಗಿಸುವ ಬಸ್ಸಿಗೂ ಗಾಳಿ ಬೀಸುವ ಬಸ್ಸಿಗೂ ಒಂದೇ ಅಂಕಿ ಬರುವುದು ಹೀಗೆ. ಆ್ಯಪಿನಲ್ಲಿ ಸಿ-ವೇಟಿಂಗ್, ಅಂದರೆ ತಗ್ಗು ಸದ್ದನ್ನೂ ಲೆಕ್ಕಕ್ಕೆ ಹಿಡಿಯುವ ಡಿಬಿ(ಸಿ) ಅಳತೆಯ ಆಯ್ಕೆ ಇದ್ದರೆ ಎ, ಸಿ ಎರಡನ್ನೂ ಬರೆದುಕೊಳ್ಳಿ. 31.5 ಹರ್ಟ್ಸ್‌ನಲ್ಲಿ ಸಿ ಕಳೆಯುವುದು 3 ಡೆಸಿಬಲ್ ಮಾತ್ರ. ಸಿ ಅಂಕಿ ಎ ಅಂಕಿಗಿಂತ 15–20 ಹೆಚ್ಚಿದ್ದರೆ ತಗ್ಗು ಗುಡುಗು ಜಾಸ್ತಿ ಎಂದರ್ಥ. ಎಷ್ಟೋ ಮೊಬೈಲ್‌ಗಳ ಮೈಕ್ ತಗ್ಗು ಸದ್ದನ್ನು ತಾನೇ ಕತ್ತರಿಸುತ್ತದೆ, ಅದಕ್ಕೇ ಹಿಡಿಕಂಬಿಯ ಮೇಲೆ ಅಂಗೈ ಇಟ್ಟು ನೋಡುವುದನ್ನು ತಪ್ಪಿಸಬೇಡಿ. ಮೊಬೈಲನ್ನು ಮಾತ್ರ ಸೀಟಿನ ಮೇಲಾಗಲಿ ಕಿಟಕಿಗೆ ಒತ್ತಿಯಾಗಲಿ ಇಡಬೇಡಿ, ಕೈಯಲ್ಲಿ ಹಿಡಿದು ಕಿವಿಯ ಎತ್ತರದಲ್ಲಿಡಿ.

ಇನ್ನು, ಸದ್ದು ಕಡಿಮೆಯಿದ್ದರೆ ಬಾಡಿ ಗಟ್ಟಿ ಎಂಬ ನಿಮ್ಮ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಎಲೆಕ್ಟ್ರಿಕ್ ಬಸ್ಸಿನಲ್ಲಿ ಎಂಜಿನ್ ಸದ್ದಿನ ಮರೆ ಇರುವುದಿಲ್ಲ, ಆದ್ದರಿಂದ ಡೀಸೆಲ್‌ನಲ್ಲಿ ಮುಚ್ಚಿಹೋಗುವ ಪ್ರತಿ ಗಡಗಡವೂ ಎದ್ದು ಕೇಳುತ್ತದೆ. ಅದನ್ನೇ ಕೇಳಿ ಬಾಡಿ ಕಳಪೆ ಅನ್ನುವವರಿದ್ದಾರೆ, ಅದು ಅನ್ಯಾಯ. ಗಡಗಡ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಜಾರುಗಾಜಿನ ಚೌಕಟ್ಟನ್ನು ಅಂಗೈಯಿಂದ ಒತ್ತಿದಾಗ ಸದ್ದು ನಿಂತರೆ ಬೀಡಿಂಗ್ (ಗಾಜಿನ ಅಂಚಿನ ರಬ್ಬರ್ ಪಟ್ಟಿ) ಸವೆದಿದೆ, ಹೊಸ ರಬ್ಬರ್ ಹಾಕಿದರೆ ಮುಗಿಯಿತು. ತಗ್ಗು ನೆಲದ ಬಸ್ಸಿನಲ್ಲಿ ನಡುಬಾಗಿಲ ಬಳಿ ಗಾಲಿಕುರ್ಚಿಗೆಂದು ಮಡಚುವ ರ‍್ಯಾಂಪ್ ಇರುತ್ತದೆ. ಅದರ ಕೆಳಗಿನ ರಬ್ಬರ್ ಹೋದರೆ ಪ್ರತಿ ಹಂಪ್‌ಗೂ ತಗಡು ಬಡಿದಂತೆ ಕೇಳುತ್ತದೆ. ಇವು ಚಿಲ್ಲರೆ ದೋಷಗಳು. ಕಿಟಕಿ ಮೂಲೆಯಲ್ಲಿ ಬಿರುಕು, ರಿವೆಟ್ ಸುತ್ತ ಕಪ್ಪು ಪುಡಿಯ ಗೆರೆ, ಚಕ್ರದ ಕಮಾನಿನ ಬಳಿ ಮೆತ್ತಗಾದ ನೆಲ ಕಂಡರೆ ಆ ಬಸ್ಸು ಬೇಡ. ಕಪ್ಪು ಗೆರೆ ಎಂದರೆ ರಿವೆಟ್ ಸಡಿಲಾಗಿ ತಗಡು ಉಜ್ಜುತ್ತಿದೆ ಎಂದು.

ಸಸ್ಪೆನ್ಷನ್ ಕೂಡ ಹಾಗೇ. ಏರ್ ಬೆಲ್ಲೋ (ಸ್ಪ್ರಿಂಗ್ ಬದಲಿನ ಗಾಳಿ ತುಂಬಿದ ರಬ್ಬರ್ ಚೀಲ) ಇದ್ದ ಮಾತ್ರಕ್ಕೆ ಮೆತ್ತಗೆ ಓಡುತ್ತದೆ ಎಂದಲ್ಲ. ಗಾಳಿ ಸೋರಿದರೆ ಬಸ್ಸು ರಬ್ಬರ್ ಸ್ಟಾಪರ್ ಮೇಲೆ ಕೂತು, ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಬಸ್ಸಿಗಿಂತ ಜೋರಾಗಿ ಹೊಡೆಯುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎರಡೂ ಬದಿಯ ಎತ್ತರ ಒಂದೇ ಇದೆಯೇ ಎಂದು ಹಿಂದಿನಿಂದ ನೋಡಿ. ಲೀಫ್ ಸ್ಪ್ರಿಂಗ್ ಬಸ್ಸಿನಲ್ಲಿ ಸಣ್ಣ ಗುಂಡಿಗೂ ಕಟಕಟ ಎಂದರೆ ಶ್ಯಾಕಲ್ ಬುಷ್ (ಸ್ಪ್ರಿಂಗಿನ ತುದಿಯ ಕೊಂಡಿಯೊಳಗಿನ ಬಳೆ) ಸವೆದಿರುವ ಸಾಧ್ಯತೆಯೇ ಹೆಚ್ಚು.

ಅಳೆಯುವುದಿದ್ದರೆ ಒಂದೇ ರಸ್ತೆ, ಒಂದೇ ವೇಗ. ಒಂದು ಬಸ್ಸನ್ನು ಡಾಂಬರಿನಲ್ಲೂ ಇನ್ನೊಂದನ್ನು ವೈಟ್ ಟಾಪಿಂಗ್ (ಕಾಂಕ್ರೀಟ್) ರಸ್ತೆಯಲ್ಲೂ ಅಳೆದರೆ ಹೋಲಿಕೆಗೆ ಅರ್ಥವಿಲ್ಲ, ಕಾಂಕ್ರೀಟಿನ ಟೈರ್ ಸದ್ದೇ ಬೇರೆ. ಡ್ರೈವರ್ ಹಿಂದಿನ ಸೀಟು, ನಡುಬಾಗಿಲು, ಕೊನೆಯ ಸಾಲು, ಈ ಮೂರು ಕಡೆ ಕೂತು ನೋಡಿ. ಬಾಗಿಲು ಮುಚ್ಚಿ ನಿಂತಾಗ 30 ಸೆಕೆಂಡು, 30 ಕಿ.ಮೀ. ವೇಗದಲ್ಲಿ ಒಂದು ನಿಮಿಷ, ಒಂದು ಹಂಪ್, ನಿಂತಲ್ಲಿಂದ ಒಮ್ಮೆ ಪೂರ್ತಿ ಆಕ್ಸಿಲರೇಟರ್. 2006ರಲ್ಲಿ ಬೆಂಗಳೂರಿಗೆ ಬಂದ ತಗ್ಗು ನೆಲದ ವೋಲ್ವೊ ಬಸ್ಸಿನ ಮುಂಭಾಗ ಅಷ್ಟು ಶಾಂತವಾಗಿದ್ದದ್ದು ಎಂಜಿನ್ ಹಿಂದಿದ್ದುದರಿಂದ. ಅದೇ ಬಸ್ಸಿನ ಕೊನೆಯ ಸಾಲಿನಲ್ಲಿ ಕೂತವರು ಬೇರೆಯೇ ಕಥೆ ಹೇಳುತ್ತಾರೆ.

ನನ್ನ ಆಯ್ಕೆ ಕೇಳಿದರೆ, ಸಿಕ್ಕಿದರೆ ಎಲೆಕ್ಟ್ರಿಕ್, ಇಲ್ಲವಾದರೆ ಎಂಜಿನ್ ಹಿಂದಿರುವ ಡೀಸೆಲ್. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರುವವರಿಗೆ ಮುಂದಿನ ಎಂಜಿನ್ ಬೇಡವೇ ಬೇಡ. ಓಡಿಸಿ ನೋಡಿದ ಬಸ್ಸಿನ ನೋಂದಣಿ ಸಂಖ್ಯೆಯನ್ನೇ ಕರಾರಿನಲ್ಲಿ ಬರೆಸಿ. ಬರೀ ಮಾಡೆಲ್ ಹೆಸರು ಬರೆಸಿದರೆ ಅದೇ ಮಾಡೆಲಿನ ಹತ್ತು ವರ್ಷ ಹಳೆಯ ಬಸ್ಸು ಬಂದು ನಿಂತರೂ ಬೇಡವೆನ್ನಲು ದಾರಿಯಿರುವುದಿಲ್ಲ.