ಹುಳದ ಫ್ಲೈಗೆ ಮೀನು ತಾಕುತ್ತದೆ, ಸಿಕ್ಕಿಬೀಳುವುದಿಲ್ಲ. ಯಾವ ಕೆಂಪು ಬಳಸಲಿ?

ಬಣ್ಣ ಬದಲಾಯಿಸಬೇಡಿ, ಬಾಲ ಕತ್ತರಿಸಿ.

ಗಾಳದ ಕೊಕ್ಕೆಗೆ ಶೆನೀಲ್ (ಮಖಮಲ್ಲಿನಂಥ ಎಳೆಗಳ ದಾರ) ಕಟ್ಟಿ ಎರೆಹುಳದಂಥ ಫ್ಲೈ, ಅಂದರೆ ಮೀನಿಗೆ ಒಡ್ಡುವ ಕೃತಕ ಹುಳ, ಮಾಡಿದ್ದೀರಿ, ಮೀನು ಬಂದು ತಾಕಿ ಹೋಗುತ್ತಿದೆ, ಕಡುಗೆಂಪು ಒಳ್ಳೆಯದೋ ತಿಳಿಗೆಂಪೋ ಎಂದು ಕೇಳಿದ್ದೀರಿ. ಒಂದಿಡೀ ಹಂಗಾಮು ನಾನು ಕೇಳಿಕೊಂಡದ್ದೂ ಇದೇ ಪ್ರಶ್ನೆ. ಕೆಂಪು, ಗುಲಾಬಿ, ಕಂದು ಎಲ್ಲ ಕಟ್ಟಿದೆ. ಬಣ್ಣ ಬದಲಾಗುತ್ತಿತ್ತು, ಉದ್ದ ಮಾತ್ರ ಅದೇ 7 ಸೆಂ.ಮೀ. ನಿಜವಾದ ಎರೆಹುಳ ಅದಕ್ಕಿಂತಲೂ ಉದ್ದ ಇರುತ್ತದಲ್ಲ ಎಂಬ ಲೆಕ್ಕ. ಆ ಲೆಕ್ಕವೇ ತಪ್ಪು.

ಮೀನು ತಾಕಿದೆ ಎಂದರೆ ಬಣ್ಣ ಅದಕ್ಕೆ ಒಪ್ಪಿಗೆಯಾಗಿದೆ. ಒಪ್ಪದಿದ್ದರೆ ಹತ್ತಿರವೇ ಬರುತ್ತಿರಲಿಲ್ಲ. ತೊಂದರೆ ಇರುವುದು ಆಮೇಲಿನ ಅರೆಕ್ಷಣದಲ್ಲಿ. ಮೀನು ಬಾಯಿ ಅಗಲಿಸಿ, ನೀರಿನ ಜೊತೆಗೇ ಹುಳವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬಾಯಿಗೆ ಮೊದಲು ಸಿಕ್ಕ ತುದಿ ಮೊದಲು ಒಳಗೆ ಹೋಗುತ್ತದೆ. 12ನೇ ನಂಬರಿನ ಕೊಕ್ಕೆಯ ದಂಟು, ಅಂದರೆ ದಾರ ಕಟ್ಟುವ ಕಣ್ಣಿಗೂ ಬಾಗಿಗೂ ನಡುವಿನ ಭಾಗ, ಸುಮಾರು 1 ಸೆಂ.ಮೀ. 7 ಸೆಂ.ಮೀ. ಶೆನೀಲಿನಲ್ಲಿ 1 ಸೆಂ.ಮೀ. ದಂಟಿಗೆ ಕಟ್ಟಿ, ಮುಂದೆ 2 ಬಿಟ್ಟರೆ ಹಿಂದೆ 4 ಸೆಂ.ಮೀ. ಬಾಲ ಉಳಿಯುತ್ತದೆ. ಆ ಬಾಲ ಮೀನಿನ ಬಾಯೊಳಗೆ, ಕೊಕ್ಕೆಯ ಮೊನೆ ಬಾಯಿಯ ಹೊರಗೆ. ಕೈಗೆ ತಟ್ಟಿದ ಅನುಭವ ಬರುತ್ತದೆ, ನೀವು ಗಾಳದ ಕೋಲು ಎತ್ತುತ್ತೀರಿ, ಬಾಲ ಜಾರಿ ಈಚೆ ಬರುತ್ತದೆ. ಎತ್ತಿದ್ದು ತಡವಾಯಿತು ಎಂದುಕೊಂಡು ಮುಂದಿನ ಸಲ ಇನ್ನೂ ಬೇಗ ಎತ್ತುತ್ತೀರಿ, ಆಗ ಇನ್ನೂ ಬೇಗ ಜಾರುತ್ತದೆ.

ಅನುಮಾನ ಇದ್ದರೆ ಬಳಸಿದ ಫ್ಲೈ ತೆಗೆದು ಬಾಲದ ತುದಿ ನೋಡಿ. ತುದಿಯ ಎಳೆಗಳು ಕಿತ್ತು ಬಂದಿದ್ದು, ದಂಟಿನ ಮೇಲಿನ ಭಾಗ ಹೊಸದರಂತೆಯೇ ಇದ್ದರೆ ಮೀನು ಕಚ್ಚಿದ್ದು ಬಾಲವನ್ನೇ.

ಉದ್ದ ಬಾಲದ ಇನ್ನೊಂದು ಕಾಟ ಎಸೆಯುವಾಗ. ನೆನೆದ ಶೆನೀಲ್ ಮೆತ್ತಗಾಗಿ ಕೊಕ್ಕೆಯ ಬಾಗಿಗೆ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡ ಫ್ಲೈ ಸೆಳವಿನಲ್ಲಿ ಬುಗುರಿಯಂತೆ ತಿರುಗುತ್ತದೆ, ಟಿಪ್ಪೆಟ್ (ಫ್ಲೈಗೆ ಕಟ್ಟುವ ಕೊನೆಯ ಸಣ್ಣ ದಾರ) ಮುರಿ ಬೀಳುತ್ತದೆ. ದಾರ ಪದೇಪದೇ ಸುರುಳಿಯಾಗುತ್ತಿದ್ದರೆ ದಾರವನ್ನು ಬೈಯುವ ಮೊದಲು ಬಾಲ ನೋಡಿ.

ಈಗ ಕಟ್ಟುವುದು. ನೀವು ಕಟ್ಟುತ್ತಿರುವುದಕ್ಕೆ ಸ್ಯಾನ್ ವಾನ್ ವರ್ಮ್ ಎಂದು ಹೆಸರು, ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಹರಿಯುವ ಸ್ಯಾನ್ ವಾನ್ ನದಿಯಿಂದ ಬಂದದ್ದು. ಸಾಮಾನು ಮೂರೇ: 10ರಿಂದ 14ರವರೆಗಿನ ಬಾಗಿದ ದಂಟಿನ ಕೊಕ್ಕೆ, ಶೆನೀಲಿನದೇ ಬಣ್ಣದ 6/0 (ದಪ್ಪದ ಸಂಖ್ಯೆ) ನೂಲು, ಸಪೂರ, ಗಿಡ್ಡ ಎಳೆಯ ಅಲ್ಟ್ರಾ ಶೆನೀಲ್ 4 ಸೆಂ.ಮೀ. ಕರಕುಶಲ ಸಾಮಾನಿನ ದಪ್ಪ, ಉದ್ದ ಎಳೆಯ ಶೆನೀಲ್ ಬೇಡ, ಅದರ ಎಳೆಗಳು ಉದುರಿ ನಡುವಿನ ಬರೀ ದಾರ ಉಳಿಯುತ್ತದೆ.

ಮೊದಲು ಎರಡೂ ತುದಿ ಸುಟ್ಟು ಚೂಪು ಮಾಡಿ. ಇದನ್ನು ಕಟ್ಟುವ ಮೊದಲೇ ಮುಗಿಸುವುದು ಒಳ್ಳೆಯದು, ಆಮೇಲೆ ವಾರ್ನಿಷ್ ಹಚ್ಚಿದ ಫ್ಲೈ ಬಳಿ ಬೆಂಕಿ ತರುವುದು ಬೇಡ. ಲೈಟರಿನ ಜ್ವಾಲೆಯೊಳಗೆ ತುದಿ ಇಡಬಾರದು. ಬುಡದ ನೀಲಿ ಭಾಗದ ಪಕ್ಕಕ್ಕೆ ತಂದು, ಬೆರಳಲ್ಲಿ ತಿರುಗಿಸುತ್ತಾ ಒಂದು ಸೆಕೆಂಡು ಹಿಡಿದರೆ ಸಾಕು, ಎಳೆಗಳು ಒಳಕ್ಕೆ ಸೇದಿಕೊಂಡು ತುದಿ ಸಪೂರ ಆಗುತ್ತದೆ. ಮೇಲಿನ ಹಳದಿ ಜ್ವಾಲೆ ತಾಗಿದರೆ ಮಸಿ ಹಿಡಿಯುತ್ತದೆ, ಹೆಚ್ಚು ಹೊತ್ತು ಹಿಡಿದರೆ ಗಟ್ಟಿ ಗಂಟು ಕಟ್ಟುತ್ತದೆ. ಹೊಸ ಶೆನೀಲ್ ತಂದಾಗ ಒಂದು ತುಂಡು ಸುಟ್ಟು ನೋಡಿ. ಕರಗದೆ ಕಾಗದದಂತೆ ಬೂದಿಯಾದರೆ ಅದು ರೇಯಾನ್ ಅಥವಾ ಹತ್ತಿ, ಎಷ್ಟು ಸುಟ್ಟರೂ ತುದಿ ಮುಚ್ಚಿಕೊಳ್ಳುವುದಿಲ್ಲ.

ಕೊಕ್ಕೆಯ ಕಣ್ಣಿನ ಹಿಂದೆ 2 ಮಿ.ಮೀ. ಜಾಗ ಬಿಟ್ಟು ನೂಲು ಶುರುಮಾಡಿ, ಮೊನೆಯ ಹಿಂದಿನ ಮುಳ್ಳಿನ ನೇರಕ್ಕೆ ಬರುವವರೆಗೆ ಒತ್ತಾಗಿ ಸುತ್ತಿ. ಬೋಳು ದಂಟಿನ ಮೇಲೆ ಶೆನೀಲ್ ಕಟ್ಟಿದರೆ ಮೊದಲ ಎಳೆತಕ್ಕೇ ದಂಟಿನ ಸುತ್ತ ತಿರುಗಿಬಿಡುತ್ತದೆ. ಫ್ಲೈ ಭಾರ ಬೇಕಿದ್ದರೆ ನೂಲಿಗೂ ಮೊದಲು ಸೀಸ ಇಲ್ಲದ 0.4 ಮಿ.ಮೀ. ತಂತಿ 8 ಸುತ್ತು ಹಾಕಿಕೊಳ್ಳಿ. ಇನ್ನು ಶೆನೀಲನ್ನು ದಂಟಿನ ಮೇಲಿಟ್ಟು, ಹಿಂದೆ 1.5 ಸೆಂ.ಮೀ. ಮಾತ್ರ ಬಾಲ ಬಿಟ್ಟು ಮುಳ್ಳಿನ ನೇರದಲ್ಲಿ 5 ಸುತ್ತು ಬಿಗಿಯಾಗಿ ಕಟ್ಟಿ. ಬಾಗಿನೊಳಗೆ ಇನ್ನೂ ಕೆಳಕ್ಕೆ ಹೋಗಬೇಡಿ, ಹೋದರೆ ಬಾಲ ಕೆಳಮುಖವಾಗಿ ಮೊನೆಗೂ ದಂಟಿಗೂ ನಡುವಿನ ಬಾಯನ್ನು ಮುಚ್ಚುತ್ತದೆ. ಆ ಬಾಯಿ ಮುಚ್ಚಿದರೆ ಮೊನೆ ಎಷ್ಟು ಚೂಪಾಗಿದ್ದರೂ ಚುಚ್ಚಲಾರದು.

ಶೆನೀಲನ್ನು ಮೇಲಕ್ಕೆ ಎತ್ತಿ ಹಿಡಿದು, ಅದರ ಕೆಳಗೆ ನೂಲನ್ನು ದಂಟಿನ ಮೇಲೆಯೇ ಸುತ್ತುತ್ತಾ ಮುಂದೆ ತನ್ನಿ. ಕಣ್ಣಿನ ಹಿಂದೆ 2 ಮಿ.ಮೀ. ದೂರದಲ್ಲಿ ಶೆನೀಲನ್ನು ಒತ್ತಿ ಮತ್ತೆ 5 ಸುತ್ತು. ನಡುವೆ ಶೆನೀಲ್ ತುಸು ಸಡಿಲವಾಗಿರಲಿ, ಜಗ್ಗಿ ಕಟ್ಟಿದರೆ ಚಪ್ಪಟೆಯಾಗಿ ಹುಳದ ಮೈ ಹೋಗುತ್ತದೆ. ಮುಂದಿನ ತುಂಡನ್ನು ಹಿಂದಕ್ಕೆ ಹಿಡಿದು ಕಣ್ಣಿನ ಬಳಿ ವಿಪ್ ಫಿನಿಶ್ (ನೂಲಿನ ತುದಿಯನ್ನು ಅದರದೇ ಸುತ್ತುಗಳ ಕೆಳಗೆ ಸಿಕ್ಕಿಸುವ ಗಂಟು) ಹಾಕಿ, ನೂಲು ಕತ್ತರಿಸಿ, ಎರಡೂ ಕಟ್ಟಿಗೆ ಸೂಜಿಮೊನೆಯಲ್ಲಿ ಒಂದೊಂದು ಹನಿ ವಾರ್ನಿಷ್. ಹನಿ ದೊಡ್ಡದಾದರೆ ಶೆನೀಲ್ ಹೀರಿಕೊಂಡು ಬಾಲ ಕಡ್ಡಿಯಂತೆ ಸೆಟೆದುಕೊಳ್ಳುತ್ತದೆ.

ಹಿಂದೆ ದಂಟಿನ ಒಂದೂವರೆ ಪಟ್ಟು, ಮುಂದೆ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ. ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ. ಈಗಾಗಲೇ ಕಟ್ಟಿಟ್ಟದ್ದನ್ನು ಬಿಚ್ಚಬೇಕಿಲ್ಲ, ಬಾಲ ಕತ್ತರಿಸಿ ತುದಿ ಮತ್ತೆ ಸುಟ್ಟರೆ ಸಾಕು. ಅವುಗಳ ವಾರ್ನಿಷ್ ಪೂರ್ತಿ ಒಣಗಿರಲಿ, ವಾರ್ನಿಷ್ ಬಾಟಲಿ ದೂರ ಇರಲಿ.

ರಬ್ಬರಿನಂತೆ ಕುಣಿಯುವ ಸ್ಕ್ವರ್ಮಿ ಎಳೆ ತಂದರೆ ಸರಿಹೋಗುತ್ತದೆಯೇ ಎಂದೂ ಕೇಳಿದ್ದೀರಿ. ಉದ್ದ ಬಿಟ್ಟರೆ ಅದೂ ಇದನ್ನೇ ಮಾಡುತ್ತದೆ. ಮೇಲಾಗಿ ಸಣ್ಣ ನೂಲು ಬಿಗಿದರೆ ಕುಯ್ದುಕೊಂಡು ತುಂಡಾಗುತ್ತದೆ, ಸೂಪರ್ ಗ್ಲೂ ತಾಗಿದರೆ ಹಾಳಾಗುತ್ತದೆ. ಮೊದಲು ಶೆನೀಲಿನಲ್ಲಿ ಒಂದು ಡಜನ್ ಕಟ್ಟಿ.

ಬಣ್ಣಕ್ಕೆ ಬಂದರೆ, ನೀರು ಮೊದಲು ನುಂಗುವುದೇ ಕೆಂಪು ಬೆಳಕನ್ನು. ಆಳ ಹೆಚ್ಚಿದಷ್ಟೂ ನಿಮ್ಮ ಕಡುಗೆಂಪು, ತಿಳಿಗೆಂಪು ಎರಡೂ ಮಬ್ಬಾಗುತ್ತಾ ಹೋಗುತ್ತವೆ. ಒಂದು ಕೆಂಪು, ಒಂದು ಕಂದು ಇದ್ದರೆ ನನಗೆ ಸಾಕು. ಅದಕ್ಕಿಂತ ಆಳ ಮುಖ್ಯ. ಕೊಚ್ಚಿಕೊಂಡು ಬಂದ ಹುಳ ತಳದ ಹತ್ತಿರವೇ ಉರುಳುತ್ತಾ ಬರುತ್ತದೆ, ಆದ್ದರಿಂದ ಫ್ಲೈಗಿಂತ 15–20 ಸೆಂ.ಮೀ. ಮೇಲೆ ದಾರಕ್ಕೆ ಭಾರದ ಒಂದು ಸಣ್ಣ ಗುಂಡು ಕಚ್ಚಿಸಿ, ನೀರಿನ ವೇಗದಲ್ಲೇ ಹರಿಯಲು ಬಿಡಿ. ಆಗಾಗ ಗುಂಡು ಕಲ್ಲಿಗೆ ತಾಗಿದ್ದು ಗೊತ್ತಾಗಬೇಕು. ಒಮ್ಮೆಯೂ ತಾಗದಿದ್ದರೆ ಇನ್ನೊಂದು ಗುಂಡು ಸೇರಿಸಿ.